ಬೆಂಡಿನ ಮೇಲಿನ ಕಣ್ಣು

ಬೇಸಿಗೆಯ ಬೆಳಗಿನಲ್ಲಿ ಕಾವೇರಿಯ ದಡದಲ್ಲಿ ಗಾಳ ಹಾಕಿ ಕೂತವರನ್ನು ಸೋಮಾರಿಗಳೆನ್ನುವುದು ಸುಲಭ. ಬಿದಿರಿನ ಕೋಲು, ದಾರ, ಬೆಂಡು, ಕೊಕ್ಕೆಗೆ ಎರೆಹುಳು ಇಲ್ಲವೇ ರಾಗಿಹಿಟ್ಟಿನ ಉಂಡೆ, ಸಲಕರಣೆ ಇಷ್ಟೇ. ಆದರೆ ಈ ಕಸುಬು ಬೇಡುವ ಗಮನ ಸಣ್ಣದಲ್ಲ. ಹರಿವಿಗೆ ಅಲುಗುವ ಬೆಂಡಿಗೂ ಮೀನು ಮುಟ್ಟಿ ಅಲುಗಿಸಿದ ಬೆಂಡಿಗೂ ಇರುವ ವ್ಯತ್ಯಾಸವನ್ನು ಕಣ್ಣು ಹಿಡಿಯಬೇಕು, ಕೈ ಅವಸರಪಡದೆ ಕಾಯಬೇಕು. ಮನಸ್ಸು ಎಚ್ಚರವಾಗಿದ್ದೂ ಉಸಿರು ನಿಧಾನವಾಗುವ ಇಂಥ ಹೊತ್ತು, ದಿನವಿಡೀ ಮೊಬೈಲು ನೋಡುವ ನಮಗೆ ಬೇರೆಲ್ಲೂ ಸುಲಭಕ್ಕೆ ಸಿಗದು.

ಕೂತಲ್ಲೇ ಕೂತರೆ ಆರೋಗ್ಯ ಹೇಗೆ ಬಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಮಟ್ಟದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳ ಅದನ್ನು ತುಂಬಿಕೊಡದು. ನದಿಗೆ ನಡೆದೇ ಹೋಗಿ, ಮಡು ಹುಡುಕುತ್ತ ದಡದುದ್ದಕ್ಕೂ ಅಲೆದರೆ ಒಂದಷ್ಟು ತುಂಬೀತು. ಬಿಸಿಲಿನ ಮಾತು ಇನ್ನೂ ಗಂಭೀರ. ವಯಸ್ಸಾದವರು, ಹೃದ್ರೋಗವಿರುವವರು ನಡುಹಗಲು ಬಂಡೆಯ ಮೇಲೆ ಕೂರುವುದು ಅಪಾಯ. ಇಲ್ಲಿ ಮೀನಿನ ಹಿತವೂ ಮನುಷ್ಯನ ಹಿತವೂ ಒಂದೇ: 20 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಕಾದ ನೀರಿನಲ್ಲಿ ಸೆಣಸಿ ಸುಸ್ತಾದ ಮೀನನ್ನು ಬಿಟ್ಟರೂ ಅದು ಚೇತರಿಸಿಕೊಳ್ಳುವುದು ಕಷ್ಟ. ಬಿಸಿಲೇರುವ ಮುಂಚೆ ಗಾಳ ಸುತ್ತಿಡಬೇಕು. ಕಾವೇರಿಯ ಡುಬ್ಬದ ಮಹಶೀರ್ 2018ರಲ್ಲಿ ಐಯುಸಿಎನ್ ಕೆಂಪು ಪಟ್ಟಿಯಲ್ಲಿ ಅಳಿವಿನ ತೀವ್ರ ಅಂಚಿನ ಮೀನೆಂದು ದಾಖಲಾಯಿತು. ಅದಕ್ಕಂತೂ ಗಾಳ ಬೇಡವೇ ಬೇಡ. ಒಂದು ಹೊತ್ತಿನ ಸಾರಿಗೆ ಆಗುವಷ್ಟು ಸಣ್ಣ ಮೀನು ಸಾಕು. ಮುಳ್ಳುಸಮೇತ ತಿನ್ನುವ ಅವುಗಳಿಂದ ಕ್ಯಾಲ್ಸಿಯಂ ಕೂಡ ಚೆನ್ನಾಗಿ ದೊರೆಯುತ್ತದೆ.