ಬ್ಯಾಂಕಾಕಿನ ರಾಮಕೀರ್ತಿ: ಭಿತ್ತಿಚಿತ್ರಗಳ ಔಚಿತ್ಯವಿಚಾರ

ಥಾಯ್ ದೇಶದ ರಾಜಧಾನಿಯಾದ ಬ್ಯಾಂಕಾಕ್ ನಗರವನ್ನು ನೋಡಹೋದ ಭಾರತೀಯರಲ್ಲಿ ಅಲ್ಲಿಯ ಅರಮನೆಯ ಕೋಟೆಯನ್ನೂ ಅದರೊಳಗಿನ ಮರಕತಬುದ್ಧನ ದೇವಾಲಯವನ್ನೂ ನೋಡದೆ ಮರಳುವವರು ವಿರಳ. ಈ ದೇವಾಲಯದ ಸುತ್ತುಪೌಳಿಯ ಗೋಡೆಗಳ ಮೇಲೆ ರಾಮಕಥೆಯು ೧೭೮ ಚಿತ್ರಗಳಲ್ಲಿ ಬರೆಯಲ್ಪಟ್ಟಿದೆ. ಆ ದೇಶದವರು ತಮ್ಮ ರಾಮಾಯಣಕ್ಕೆ ‘ರಾಮಕೀರ್ತಿ’ ಎಂಬ ಹೆಸರನ್ನಿಟ್ಟಿರುವರು. ಅವರ ಉಚ್ಚಾರಣೆಯಲ್ಲಿ ಅದು ‘ರಾಮಕಿಯೆನ್’ ಎಂದಾಗುವುದು. ಈ ಚಿತ್ರಗಳನ್ನು ನೋಡಿ ಬಂದ ವಿದ್ಯಾವಂತರ ಬಾಯಲ್ಲಿ ಸಾಮಾನ್ಯವಾಗಿ ಎರಡು ಬಗೆಯ ತೀರ್ಪು ಕೇಳಿಬರುತ್ತದೆ. ಸೀತೆಯು ರಾವಣನ ಮಗಳಂತೆ, ಹನುಮಂತನಿಗೆ ಹೆಂಡಿರು ಮಕ್ಕಳಂತೆ, ಇದು ವಾಲ್ಮೀಕಿಯ ಕಥೆಯು ಕೆಟ್ಟುಹೋದ ರೂಪವಲ್ಲದೆ ಬೇರಲ್ಲ ಎಂಬುದು ಮೊದಲನೆಯದು. ಅಲ್ಲಿ ಕಾಣುವುದೆಲ್ಲವೂ ಭಾರತವು ಕೊಟ್ಟ ದಾನವೇ ಎಂಬುದು ಎರಡನೆಯದು. ಈ ಎರಡನೆಯ ಭಾವನೆಗೆ ೧೯೨೬ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಬೃಹತ್ತರ ಭಾರತ ಸಂಘದ ವಿದ್ವಾಂಸರ ಬರಹಗಳಿಂದ ಹೆಚ್ಚಿನ ಬಲ ಬಂದಿತು.

ಈ ಎರಡು ತೀರ್ಪುಗಳು ಪರಸ್ಪರ ವಿರುದ್ಧವಾಗಿ ತೋರಿದರೂ ಅವುಗಳ ಮೂಲ ಒಂದೇ. ಎರಡರಲ್ಲಿಯೂ ದೃಷ್ಟಿಯು ಮೂಲದ ಮೇಲಿರುವುದೇ ಹೊರತು ಎದುರಿಗಿರುವ ಕೃತಿಯ ಮೇಲೆ ಇಲ್ಲ. ಕಾವ್ಯವನ್ನು ಕಾವ್ಯವೆಂದೇ ಪರೀಕ್ಷಿಸುವ ಶಾಸ್ತ್ರವು ಸಂಸ್ಕೃತದಲ್ಲಿ ಸಾವಿರ ವರ್ಷಗಳ ಹಿಂದೆಯೇ ಸಿದ್ಧವಾಗಿರಲು, ಆ ಶಾಸ್ತ್ರವನ್ನು ಓದಿದವರೇ ಈ ಗೋಡೆಗಳ ಮುಂದೆ ಅದನ್ನು ಮರೆಯುವುದು ಯುಕ್ತವಲ್ಲ. ರಾಮಕೀರ್ತಿಯಲ್ಲಿ ಯಾವುದು ರಸಕ್ಕೆ ಅನುಗುಣ, ಯಾವುದು ವಿರೋಧಿ ಎಂಬುದೇ ಇಲ್ಲಿಯ ಪ್ರಕೃತ ವಿಚಾರ.

ಮೊದಲು ‘ಕೆಟ್ಟ ರೂಪ’ ಎಂಬ ಮಾತನ್ನು ನೋಡತಕ್ಕದ್ದು. ದಶಕಂಠನು ಥಾಯ್ ಜನರ ಬಾಯಲ್ಲಿ ‘ಥೊತ್ಸಕನ್’ ಆಗುವನು; ದಶರಥನು ‘ಥೊತ್ಸರೊತ್’, ಲಕ್ಷ್ಮಣನು ‘ಲಕ್’, ಸೀತೆಯು ‘ಸೀದಾ’. ಕಿವಿಯಿಂದ ಮಾತ್ರ ಕೇಳಿದವರಿಗೆ ಇದು ವಿಕಾರವೆಂದು ತೋರುವುದು ಸಹಜ. ಆದರೆ ಅವರ ಲಿಪಿಯಲ್ಲಿ ದಶಕಂಠ, ದಶರಥ, ಲಕ್ಷ್ಮಣ ಎಂಬ ಹೆಸರುಗಳ ಸಂಸ್ಕೃತಾಕ್ಷರಗಳು ಬಹುಮಟ್ಟಿಗೆ ಉಳಿದಿವೆ. ಉಚ್ಚರಿಸದ ಅಕ್ಷರದ ತಲೆಯ ಮೇಲೆ ಒಂದು ಚಿಹ್ನೆಯನ್ನಿಟ್ಟು ಅದನ್ನು ಮೌನಗೊಳಿಸುವರೇ ಹೊರತು ಬಿಟ್ಟುಬಿಡುವುದಿಲ್ಲ. ಬರಹದಲ್ಲಿ ತತ್ಸಮ, ಬಾಯಲ್ಲಿ ತದ್ಭವ, ಇದು ಆ ಭಾಷೆಯ ಕ್ರಮ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಭವಗಳನ್ನು ವಿವರಿಸುವ ಭಾಗಕ್ಕೆ ಅಪಭ್ರಂಶ ಪ್ರಕರಣವೆಂದು ಹೆಸರಿಟ್ಟನು. ಆದರೆ ಅವುಗಳನ್ನು ತಪ್ಪುಗಳೆಂದು ತಳ್ಳಿಹಾಕದೆ ಅವುಗಳಿಗೆ ನಿಯಮಗಳನ್ನು ಹೇಳಿದನು. ಯಕ್ಷನು ಕನ್ನಡದಲ್ಲಿ ‘ಜಕ್ಕ’ನಾದನು, ಥಾಯ್ ಭಾಷೆಯಲ್ಲಿ ‘ಯಕ್’ ಆದನು. ಜಕ್ಕನಿಗೆ ಸಲ್ಲುವ ಮರ್ಯಾದೆಯು ಯಕ್ಕನಿಗೆ ಸಲ್ಲದೆಂದು ಹೇಳಲು ಯಾವ ವ್ಯಾಕರಣವೂ ಒಪ್ಪದು.

ಹೆಸರುಗಳಿಗೆ ಸಲ್ಲುವ ಈ ನ್ಯಾಯವು ಕಥೆಗೂ ಸಲ್ಲುವುದು. ಇದಕ್ಕೆ ಆ ನಗರದ ಪೂರ್ಣನಾಮವೇ ಉದಾಹರಣೆ. ಮೊದಲನೆಯ ಪದವನ್ನುಳಿದು ಹೆಚ್ಚುಕಡಮೆ ಪೂರ್ತಿಯಾಗಿ ಸಂಸ್ಕೃತ ಪಾಲಿ ಶಬ್ದಗಳಿಂದಲೇ ಕಟ್ಟಿದ ಆ ದೀರ್ಘನಾಮದಲ್ಲಿ ಅಮರ, ರತ್ನ, ಮಹೇಂದ್ರ, ಅಯೋಧ್ಯಾ, ನವರತ್ನ, ರಾಜಧಾನೀ, ವಿಮಾನ, ಅವತಾರ ಮುಂತಾದ ಪದಗಳು ಬರುತ್ತವೆ. ಕೊನೆಯಲ್ಲಿ ಇದು ಇಂದ್ರನು ಕೊಟ್ಟುದು, ವಿಶ್ವಕರ್ಮನು ಕಟ್ಟಿದುದು ಎಂದಿದೆ. ವಿಶ್ವಕರ್ಮನ ಹೆಸರು ಅಲ್ಲಿ ‘ವಿಷ್ಣುಕರ್ಮ’ ಎಂದು ಬರೆಯಲ್ಪಡುತ್ತದೆ. ವಾಲ್ಮೀಕಿಯ ಪ್ರಕಾರ ಅಯೋಧ್ಯೆಯನ್ನು ನಿರ್ಮಿಸಿದವನು ಮನು. ವಿಶ್ವಕರ್ಮನು ನಿರ್ಮಿಸಿದುದು ಲಂಕೆಯನ್ನು. ಹೀಗೆ ಅಯೋಧ್ಯೆಯ ಹೆಸರನ್ನು ಹೊತ್ತ ನಗರಕ್ಕೆ ಲಂಕೆಯ ಶಿಲ್ಪಿಯು ದೊರೆತಂತಾಯಿತು. ಗೋಡೆಯ ಚಿತ್ರಗಳಲ್ಲಿಯೂ ಅಯೋಧ್ಯೆ ಲಂಕೆಗಳೆರಡೂ ಬ್ಯಾಂಕಾಕಿನ ಅರಮನೆಯ ಹಾಗೆಯೇ ಚೂಪಾದ ಶಿಖರಗಳಿಂದಲೂ ಹೊಳೆಯುವ ಮಾಡುಗಳಿಂದಲೂ ಕೂಡಿವೆ. ಇದನ್ನು ಅಜ್ಞಾನವೆನ್ನಲಾಗದು. ತಮ್ಮ ರಾಜಧಾನಿಗಿಂತ ಹೆಚ್ಚಿನ ವೈಭವವನ್ನು ಊಹಿಸಲಾರದ ಚಿತ್ರಕಾರರು ನಾಯಕ ಪ್ರತಿನಾಯಕರಿಬ್ಬರಿಗೂ ಅದನ್ನೇ ಹಂಚಿರುವರು. ಪ್ರತಿನಾಯಕನ ಉತ್ಕರ್ಷದಿಂದ ನಾಯಕನ ಉತ್ಕರ್ಷವೇ ಸಿದ್ಧಿಸುವುದೆಂಬುದು ಆಲಂಕಾರಿಕರಿಗೆ ಸಮ್ಮತವಾದ ಮಾತು.

ಗ್ರಂಥ ಚಿತ್ರಗಳ ಇತಿಹಾಸವನ್ನೂ ತಿಳಿಯದೆ ತೀರ್ಪು ಕೊಡಲಾಗದು. ಥಾಯ್ ಜನರ ಹಳೆಯ ರಾಜಧಾನಿಯಾದ ಅಯುತ್ಥಯ, ಎಂದರೆ ಅಯೋಧ್ಯೆ, ೧೭೬೭ರಲ್ಲಿ ಬರ್ಮದವರಿಂದ ಹಾಳಾಯಿತು. ಅದರೊಡನೆ ಹಿಂದಿನ ರಾಮಕಥೆಯ ಪಾಠಗಳೂ ಬಹುಮಟ್ಟಿಗೆ ನಷ್ಟವಾದವು. ತಾಕ್‌ಸಿನ್ ಅರಸನು ೧೭೭೦ರಲ್ಲಿ ಕೆಲವು ಪ್ರಸಂಗಗಳನ್ನು ರಚಿಸಿದನು. ೧೭೮೨ರಲ್ಲಿ ಹೊಸ ರಾಜಧಾನಿಯನ್ನು ಸ್ಥಾಪಿಸಿದ ಒಂದನೆಯ ರಾಮನ ಆಸ್ಥಾನದಲ್ಲಿ ೧೭೯೭ರಲ್ಲಿ ಈಗ ಪ್ರಸಿದ್ಧವಾಗಿರುವ ಸಮಗ್ರ ರಾಮಕೀರ್ತಿಯ ರಚನೆ ನಡೆಯಿತು. ಅರಮನೆ, ದೇವಾಲಯ, ಕಾವ್ಯ, ಮೂರೂ ಒಬ್ಬನೇ ಅರಸನ ಕಾಲದ ಪುನರ್ನಿರ್ಮಾಣಗಳು. ಸುಟ್ಟ ಅಯೋಧ್ಯೆಯ ಬದಲಿಗೆ ನಗರದಲ್ಲಿ ಒಂದು ಅಯೋಧ್ಯೆ, ಗ್ರಂಥದಲ್ಲಿ ಒಂದು ಅಯೋಧ್ಯೆ, ಗೋಡೆಯ ಮೇಲೆ ಒಂದು ಅಯೋಧ್ಯೆ ಎದ್ದವು. ಗೋಡೆಯ ಚಿತ್ರಗಳಾದರೋ ಮೂರನೆಯ ರಾಮನ ಕಾಲದಲ್ಲಿಯೂ ನಗರದ ಶತಮಾನೋತ್ಸವವಾದ ೧೮೮೨ರಲ್ಲಿಯೂ ಅನಂತರ ೧೯೩೨, ೧೯೮೨ರ ಉತ್ಸವಗಳಲ್ಲಿಯೂ ನವೀಕರಿಸಲ್ಪಟ್ಟವು. ಆದಕಾರಣ ಇಂದು ಕಾಣುವ ರೇಖೆಯು ಹದಿನೆಂಟನೆಯ ಶತಮಾನದ್ದೆಂದು ಭಾವಿಸಬಾರದು. ಹಲವು ಕೈಗಳಿಂದ ಪ್ರತಿಮಾಡಲ್ಪಟ್ಟ ಓಲೆಗರಿಯ ಗ್ರಂಥದಂತೆ ಅದನ್ನು ನೋಡತಕ್ಕದ್ದು. ಬೆಟ್ಟ ಮೋಡಗಳಲ್ಲಿ ಕಾಣುವ ಪಾಶ್ಚಾತ್ಯ ರೀತಿಯ ದೂರಸಮೀಪಭಾವವು ಇಂತಹ ಪ್ರಕ್ಷಿಪ್ತಗಳಲ್ಲಿ ಒಂದು.

ಇನ್ನು ರಸವಿಚಾರ. ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಹೇಳಿದ ಆನಂದವರ್ಧನನು ಇತಿವೃತ್ತದ ವಿಷಯದಲ್ಲಿ ಎರಡು ಮಾತುಗಳನ್ನು ಹೇಳಿರುವನು. ಪರಂಪರೆಯಿಂದ ಬಂದ ಕಥೆಯಲ್ಲಿ ರಸಕ್ಕೆ ಹೊಂದದ ಭಾಗವಿದ್ದರೆ ಕವಿಯು ಅದನ್ನು ಬಿಟ್ಟು ಹೊಂದುವ ಕಥೆಯನ್ನು ಕಲ್ಪಿಸಿಕೊಳ್ಳಬಹುದು ಎಂಬುದು ಒಂದು. ರಾಮಾಯಣಾದಿಗಳು ಸಿದ್ಧರಸವುಳ್ಳ ಕಥೆಗಳಾದ್ದರಿಂದ ಅವುಗಳಲ್ಲಿ ರಸವಿರೋಧಿಯಾದ ಸ್ವೇಚ್ಛೆಯನ್ನು ಸೇರಿಸಬಾರದು ಎಂಬುದು ಇನ್ನೊಂದು. ಆಕ್ಷೇಪಿಸುವವರು ಎರಡನೆಯದನ್ನು ಮಾತ್ರ ನೆನೆಯುವರು; ಅಲ್ಲಿಯೂ ನಿಷಿದ್ಧವಾದುದು ಸ್ವೇಚ್ಛೆಯಲ್ಲ, ರಸವಿರೋಧಿಯಾದ ಸ್ವೇಚ್ಛೆ ಎಂಬುದನ್ನು ಮರೆಯುವರು.

ಸೀತೆಯ ಜನನವನ್ನು ಈ ದೃಷ್ಟಿಯಿಂದ ನೋಡಬಹುದು. ರಾಮಕೀರ್ತಿಯಲ್ಲಿ ಅವಳು ದಶಕಂಠ ಮಂಡೋದರಿಯರ ಮಗಳು; ಕೇಡಿನ ಭವಿಷ್ಯವನ್ನು ಕೇಳಿ ಶಿಶುವನ್ನು ಪಾತ್ರೆಯಲ್ಲಿಟ್ಟು ನೀರಿನಲ್ಲಿ ತೇಲಿಬಿಡುವರು; ಅದು ಜನಕನಿಗೆ ದೊರೆಯುವುದು; ಅವನು ಅದನ್ನು ಹೂಳಿಟ್ಟು ಬಹುಕಾಲದ ಮೇಲೆ ನೇಗಿಲಿನಿಂದ ಮರಳಿ ಪಡೆಯುವನು. ಕನ್ನಡ ನಾಡಿನವರು ಇದಕ್ಕೆ ಬೆರಗಾಗಬೇಕಾದುದಿಲ್ಲ. ರಾಷ್ಟ್ರಕೂಟರ ಕಾಲದ ಗುಣಭದ್ರನ ಉತ್ತರಪುರಾಣದಲ್ಲಿ ಸೀತೆಯು ರಾವಣ ಮಂಡೋದರಿಯರ ಮಗಳೇ; ೯೭೮ರ ಚಾವುಂಡರಾಯ ಪುರಾಣವು ಅದನ್ನನುಸರಿಸಿದೆ. ಕನ್ನಡದ ಜನಪದ ರಾಮಾಯಣವೊಂದರಲ್ಲಿ ರಾವಣನೇ ಬಸುರಾಗಿ ಸೀನಿದಾಗ ಸೀತೆ ಹುಟ್ಟಿದಳೆಂದಿದೆ. ಇಷ್ಟರಿಂದ ಈ ಕಥೆಯು ಇಲ್ಲಿಂದಲೇ ಅಲ್ಲಿಗೆ ಹೋಯಿತೆಂದು ಸಾಧಿಸಲಾಗದು. ಸಾದೃಶ್ಯವು ಪ್ರಯಾಣಕ್ಕೆ ಪ್ರಮಾಣವಲ್ಲ. ಆದರೆ ರಸದ ದೃಷ್ಟಿಯಿಂದ ಇದರ ಫಲ ಸ್ಪಷ್ಟ. ತಾನು ಬಯಸುವವಳು ತನ್ನ ಮಗಳೆಂದು ದಶಕಂಠನಿಗೆ ತಿಳಿಯದು, ಸಹೃದಯನಿಗೆ ತಿಳಿದಿದೆ. ಅವನ ಒಂದೊಂದು ಪ್ರಾರ್ಥನೆಯೂ ಜುಗುಪ್ಸೆ ಶೋಕಗಳೆರಡನ್ನೂ ಒಟ್ಟಿಗೆ ಹುಟ್ಟಿಸುತ್ತದೆ. ಗೋಡೆಯ ಚಿತ್ರಕಾರರು ಇದನ್ನು ಚೆನ್ನಾಗಿ ಅರಿತಿದ್ದರು. ಗ್ರಂಥವು ಹಿರಣ್ಯಾಕ್ಷನ ಕಥೆಯಿಂದಲೂ ಅಯೋಧ್ಯಾವಂಶದ ಮೂಲದಿಂದಲೂ ಆರಂಭವಾದರೆ, ಚಿತ್ರಮಾಲೆಯು ಉತ್ತರದ ಬಾಗಿಲ ಬಳಿ ಜನಕನ ನೇಗಿಲಿನ ಸಾಲಿನಿಂದ ಆರಂಭವಾಗಿ ಪ್ರದಕ್ಷಿಣಕ್ರಮದಲ್ಲಿ ಸಾಗುವುದು. ಸೀತಾ ಎಂದರೆ ನೇಗಿಲಸಾಲು. ಎಲ್ಲಿಂದ ಆರಂಭಿಸಬೇಕೆಂಬುದರಲ್ಲಿ ಇಲ್ಲಿ ಚಿತ್ರವು ಗ್ರಂಥಕ್ಕಿಂತ ಮೇಲಾಯಿತು.

ವಿಭೀಷಣನ ಮಗಳಾದ ಬೆಂಜಕಾಯಿಯ ಪ್ರಸಂಗವೂ ಶ್ಲಾಘ್ಯ. ದಶಕಂಠನ ಆಜ್ಞೆಯಂತೆ ಅವಳು ಸೀತೆಯ ಶವದ ರೂಪವನ್ನು ತಾಳಿ ರಾಮನ ಬೀಡಿನ ಬಳಿ ನೀರಿನಲ್ಲಿ ತೇಲಿಬರುವಳು. ರಾಮನು ಶೋಕಮಗ್ನನಾಗುವನು, ಹನುಮಂತನು ಶವದ ಲಕ್ಷಣಗಳು ಹೊಂದದಿರುವುದನ್ನು ಕಂಡು ಅದನ್ನು ಚಿತೆಯ ಮೇಲಿಡಿಸುವನು, ಉರಿ ತಾಗಿದೊಡನೆ ಅವಳು ಹೊಗೆಯೊಡನೆ ಮೇಲಕ್ಕೆ ಹಾರುವಳು. ವಾಲ್ಮೀಕಿಯ ಯುದ್ಧಕಾಂಡದಲ್ಲಿ ಇಂದ್ರಜಿತ್ತು ಮಾಯಾಸೀತೆಯನ್ನು ಕೊಲ್ಲುವಾಗ ಹನುಮಂತನೂ ಮೋಸಹೋಗುವನು. ಇಲ್ಲಿ ಅವನ ಬುದ್ಧಿಯೇ ಸ್ವಾಮಿಯನ್ನು ಉಳಿಸುವುದು. ಸೀತೆಗೆ ಅಗ್ನಿಪರೀಕ್ಷೆಯು ಮುಂದೆ ಬರಲಿರುವುದರಿಂದ ಈ ಸುಳ್ಳು ಸೀತೆಯು ಮೊದಲೇ ಅಗ್ನಿಯಲ್ಲಿ ಸುಳ್ಳಾಗುವುದು ಕಥಾಸಂವಿಧಾನಕ್ಕೂ ಅನುಕೂಲ.

ಹನುಮಂತನ ಶೃಂಗಾರಪ್ರಸಂಗಗಳೇ ಎಲ್ಲಕ್ಕಿಂತ ವಿವಾದಾಸ್ಪದ. ಸುಂದರಕಾಂಡದಲ್ಲಿ ರಾವಣನ ಅಂತಃಪುರದ ಸ್ತ್ರೀಯರನ್ನು ನೋಡಿಯೂ ತನ್ನ ಮನಸ್ಸು ಚಲಿಸಲಿಲ್ಲವೆಂದು ವಿಚಾರಮಾಡಿಕೊಂಡ ಹನುಮಂತನನ್ನು ಬಲ್ಲವರಿಗೆ ಇವು ಅಸಹ್ಯವಾಗುವುದು ಸಹಜ. ಆದರೂ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಸೇತುವೆಯ ಕಲ್ಲುಗಳನ್ನು ಮೀನುಗಳಿಂದ ಕದಿಯಿಸುವ ಸುವರ್ಣಮತ್ಸ್ಯೆಯು ದಶಕಂಠನ ಮಗಳು. ಹನುಮಂತನು ಸಮುದ್ರಕ್ಕೆ ಧುಮುಕಿ ಅವಳನ್ನು ಒಲಿಸಿಕೊಳ್ಳುವನು. ಅವರಿಗೆ ಮೀನಿನ ಬಾಲವುಳ್ಳ ವಾನರನೊಬ್ಬನು ಹುಟ್ಟುವನು. ಮುಂದೆ ಮೈರಾವಣನು ರಾಮನನ್ನು ಪಾತಾಳಕ್ಕೆ ಒಯ್ದಾಗ ಅಲ್ಲಿಯ ಕಾವಲಿನಲ್ಲಿ ನಿಂತು ಹನುಮಂತನನ್ನು ತಡೆಯುವವನು ಆ ಮಗನೇ. ಮೈರಾವಣ ಕಾಳಗವನ್ನು ಯಕ್ಷಗಾನದಲ್ಲಿ ಕಂಡ ಕನ್ನಡಿಗರಿಗೆ ಈ ಸನ್ನಿವೇಶದ ಬಲವನ್ನು ವಿವರಿಸಬೇಕಾದುದಿಲ್ಲ. ಶೃಂಗಾರವು ಇಲ್ಲಿ ಬೀಜವಾಗಿ ಬಿದ್ದು ವೀರ ಕರುಣಗಳಾಗಿ ಫಲಿಸಿತು. ಆದ್ದರಿಂದ ಅದು ಅಂಗವೇ, ವಿರೋಧಿಯಲ್ಲ. ಆದರೆ ದಶಕಂಠನ ವೇಷದಿಂದ ಮಂಡೋದರಿಯನ್ನು ವಂಚಿಸಿ ಅವಳ ವ್ರತವನ್ನು ಕೆಡಿಸುವ ಪ್ರಸಂಗಕ್ಕೆ ಇಂತಹ ಸಮರ್ಥನೆಯು ಸಲ್ಲದು. ಪರಸ್ತ್ರೀಯ ಅಪಹರಣವನ್ನು ದಂಡಿಸಲು ಹೊರಟ ಸೈನ್ಯದ ದೂತನೇ ಪರಸ್ತ್ರೀಯ ಮಾನಕ್ಕೆ ಕೇಡು ತಂದರೆ ಯುದ್ಧದ ಧರ್ಮವೇ ಅಳಿಯುವುದು. ವಾಲ್ಮೀಕಿಯನ್ನು ನೆನೆಯದೆ ರಾಮಕೀರ್ತಿಯ ಒಳಗಿನಿಂದಲೇ ನೋಡಿದರೂ ಇದು ದೋಷ. ಇಂತಹ ಕಡೆ ಆಕ್ಷೇಪಿಸುವುದು ಸಂಕುಚಿತ ಬುದ್ಧಿಯಲ್ಲ, ವಿಮರ್ಶಕನ ಕರ್ತವ್ಯ.

ಕೊನೆಯಲ್ಲಿ ಸೀತೆಯು ಭೂಮಿಯೊಳಗೆ ನಾಗಲೋಕಕ್ಕೆ ಹೋದರೂ ಈಶ್ವರನು ರಾಮ ಸೀತೆಯರನ್ನು ಮತ್ತೆ ಒಂದುಗೂಡಿಸುವನು. ರಾಮಾಯಣದ ಅಂಗಿರಸವು ಕರುಣವೆಂದೂ ಸೀತೆಯ ಆತ್ಯಂತಿಕ ವಿಯೋಗದಲ್ಲಿ ಅದು ಪರ್ಯವಸಾನವಾಗುವುದೆಂದೂ ಆನಂದವರ್ಧನನು ನಿರ್ಣಯಿಸಿರುವನು. ರಾಮಕೀರ್ತಿಯಲ್ಲಿ ವೀರವು ಅಂಗಿಯಾಗಿ ಕರುಣವು ಅಂಗವಾಯಿತು. ಉತ್ತರರಾಮಚರಿತದ ಕೊನೆಯಲ್ಲಿ ದಂಪತಿಗಳನ್ನು ಕೂಡಿಸಿದ ಭವಭೂತಿಯನ್ನು ಮಹಾಕವಿಯೆಂದು ಪಾಠಹೇಳುವವರು ಥಾಯ್ ಕವಿಗಳನ್ನು ಈ ಒಂದು ಕಾರಣದಿಂದ ತಿರಸ್ಕರಿಸುವಂತಿಲ್ಲ. ಬೌದ್ಧರಾದ ಆ ಕವಿಗಳಿಗೆ ಈ ಕಥೆಯು ಪಾರಾಯಣಗ್ರಂಥವೂ ಅಲ್ಲ. ಇದನ್ನು ಉತ್ಸವಗಳಲ್ಲಿ ಆಡತಕ್ಕದ್ದೆಂದೂ ಕೇಳಿದವರು ಮೋಹಕ್ಕೊಳಗಾಗದೆ ಅನಿತ್ಯತೆಯನ್ನು ನೆನೆಯತಕ್ಕದ್ದೆಂದೂ ಗ್ರಂಥದ ಕೊನೆಯಲ್ಲಿಯೇ ಸೂಚಿತವಾಗಿದೆ.

ಚಿತ್ರಗಳ ಮುಖಗಳಲ್ಲಿ ಭಾವವಿಲ್ಲವೆಂಬ ಆಕ್ಷೇಪವೂ ಉಂಟು. ರಾಮನ ಹಸುರು ಮುಖವಾಗಲಿ ಲಕ್ಷ್ಮಣನ ಹೊಂಬಣ್ಣದ ಮುಖವಾಗಲಿ ಯುದ್ಧದಲ್ಲಿಯೂ ಶೋಕದಲ್ಲಿಯೂ ಒಂದೇ ಬಗೆಯಾಗಿ ಕಾಣುವುದು ನಿಜ. ನೃತ್ತಶಾಸ್ತ್ರವನ್ನರಿಯದವನಿಗೆ ಚಿತ್ರಸೂತ್ರವು ತಿಳಿಯದೆಂದು ವಿಷ್ಣುಧರ್ಮೋತ್ತರ ಪುರಾಣವು ಹೇಳುತ್ತದೆ. ಇಲ್ಲಿಯ ಪಾತ್ರಗಳು ‘ಖೋನ್’ ಎಂಬ ಮುಖವಾಡದ ನಾಟ್ಯದ ನಿಲುವಿನಲ್ಲಿ ನಿಂತಿವೆ. ೨೦೧೮ರಲ್ಲಿ ಯುನೆಸ್ಕೋ ಸಂಸ್ಥೆಯ ಪರಂಪರೆಯ ಪಟ್ಟಿಗೆ ಸೇರಿದ ಆ ನಾಟ್ಯದಲ್ಲಿ ಭಾವವು ಕೈ, ಮೊಣಕಾಲು, ಕತ್ತುಗಳ ಭಂಗಿಯಲ್ಲಿರುವುದೇ ಹೊರತು ಮುಖದಲ್ಲಿಲ್ಲ. ಅರಸರನ್ನು ಹೀಗೆ ನಿಶ್ಚಲರಾಗಿ ಬರೆದ ಚಿತ್ರಕಾರರು ಸಾಮಾನ್ಯ ಜನರನ್ನು ನಗು ಜಗಳಗಳೊಡನೆ ಸಜೀವವಾಗಿ ಬರೆದಿರುವರು. ಆದ್ದರಿಂದ ಇದು ಅಶಕ್ತಿಯಲ್ಲ, ನಿಯಮ.

ಆ ದೇವಾಲಯದ ಬಾಗಿಲುಗಳಲ್ಲಿ ನಿಂತ ಹನ್ನೆರಡು ಯಕ್ಷಪ್ರತಿಮೆಗಳಲ್ಲಿ ದಶಕಂಠನೂ ಇಂದ್ರಜಿತ್ತೂ ಸೇರಿರುವರು. ನದಿಯ ಆಚೆಯ ಅರುಣದೇವಾಲಯದ ಬಾಗಿಲಲ್ಲಿಯೂ ದಶಕಂಠನು ಕಾವಲಿರುವನು. ಒಳಗೆ ಗೋಡೆಯ ಮೇಲೆ ಸೋತವನು ಹೊರಗೆ ಬುದ್ಧನ ದ್ವಾರಪಾಲಕ. ಈ ಪ್ರತಿಮೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಂಡು ಪೌಳಿಯನ್ನು ಅರ್ಧಗಳಿಗೆಯಲ್ಲಿ ಸುತ್ತಿಬರುವವರಿಗೆ ರಾಮಕೀರ್ತಿಯು ದಕ್ಕದು. ರಾಮಾಯಣವನ್ನು ಪಾಠಹೇಳುವ ಅಧ್ಯಾಪಕರು ಅಲ್ಲಿಗೆ ಹೋದರೆ ಉತ್ತರದ ಬಾಗಿಲಿಂದ ತೊಡಗಿ, ಎದುರಿನ ಕಂಬಗಳ ಅಮೃತಶಿಲೆಯ ಫಲಕಗಳಲ್ಲಿ ಐದನೆಯ ರಾಮನ ಕಾಲದ ಪದ್ಯಗಳಿರುವುದನ್ನು ಗಮನಿಸಿ, ಅರ್ಥಬಲ್ಲವರಿಂದ ಕೇಳಿ ತಿಳಿದು, ಒಂದೊಂದು ಪ್ರಸಂಗದಲ್ಲಿಯೂ ಇಲ್ಲಿ ಯಾವ ರಸವು ಅಂಗಿ, ಈ ಕಲ್ಪನೆಯು ಅದಕ್ಕೆ ಅನುಗುಣವೇ ವಿರೋಧಿಯೇ ಎಂದು ಕೇಳಿಕೊಳ್ಳುವುದು ಉಚಿತ. ಹಾಗೆ ನೋಡಿದವರ ನಿಂದೆಗೂ ಬೆಲೆಯುಂಟು, ಪ್ರಶಂಸೆಗೂ ಬೆಲೆಯುಂಟು.