ಬೀಜದ ಹಂಗಿಲ್ಲದ ಲಾವಂಚ

ಗ್ರಂದಿಗೆ ಅಂಗಡಿಯಲ್ಲಿ ಲಾವಂಚ ಕೇಳಿದವರ ಕೈಗೆ ಬರುವುದು ಒಣಬೇರಿನ ಒಂದು ಸಣ್ಣ ಕಟ್ಟು. ಮಡಕೆಯ ನೀರಿಗೆ ಹಾಕಿದರೆ ಘಮಘಮ. ಆ ಬೇರಿನ ಮೇಲಿದ್ದ ಹುಲ್ಲು ಹೇಗಿತ್ತು ಎಂದು ವಿಚಾರಿಸುವವರು ಕಡಿಮೆ. ಹುಲ್ಲಿನ ಹುಚ್ಚು ಹತ್ತಿದವರು ಮಾತ್ರ ಮೊದಲು ಅದರ ಬುಡ ಹಿಡಿದು ನೋಡುತ್ತಾರೆ.

ಎಲೆಗಳ ಬುಡ ಚಪ್ಪಟೆ. ಒಂದನ್ನೊಂದು ಒತ್ತಿಕೊಂಡು ಬೀಸಣಿಗೆಯಂತೆ ಜೋಡಿಸಿಕೊಂಡಿರುತ್ತವೆ. ಎಲೆ ಕಿರಿದು, ಉದ್ದ, ಬಿರುಸು. ಅಂಚಿನ ಮೇಲೆ ಬೆರಳನ್ನು ತುದಿಯಿಂದ ಬುಡದ ಕಡೆಗೆ ಎಳೆದರೆ ತರಚೀತು! ತೆಂಡೆಯ ಮೇಲೆ ತೆಂಡೆ ಒಡೆದು ಪೊದೆ ವರ್ಷವರ್ಷಕ್ಕೂ ದಪ್ಪವಾಗುತ್ತದೆ, ಆಳೆತ್ತರಕ್ಕೂ ಬೆಳೆಯುತ್ತದೆ. ಆದರೆ ಗರಿಕೆಯ ಹಾಗೆ ನೆಲದ ಮೇಲೆ ಹರಿದಾಡುವುದಿಲ್ಲ. ನೆಟ್ಟ ಸಾಲು ನೆಟ್ಟಲ್ಲೇ.

ಜೋಳ, ಕಬ್ಬು, ಮಜ್ಜಿಗೆಹುಲ್ಲು ಇದರ ದಾಯಾದಿಗಳು. ಹಳೆಯ ಪುಸ್ತಕಗಳಲ್ಲಿ ಇದು ವೆಟಿವೇರಿಯಾ. 1999ರಲ್ಲಿ ಆ ಕುಲ ಕ್ರೈಸೊಪೊಗಾನ್‌ನೊಳಗೆ ಸೇರಿಹೋಯಿತು. ನೇರಳೆ ಛಾಯೆಯ ತೆನೆಯಲ್ಲಿ ಕಿರುತೆನೆಗಳು ಜೋಡಿಜೋಡಿ: ತೊಟ್ಟಿಲ್ಲದ್ದು ದ್ವಿಲಿಂಗಿ, ತೊಟ್ಟುಳ್ಳದ್ದು ಗಂಡು. ಇಷ್ಟೆಲ್ಲ ಸಿದ್ಧತೆ ಇದ್ದೂ ದಕ್ಷಿಣದ ಲಾವಂಚ ಮೊಳೆಯುವ ಬೀಜ ಕಟ್ಟುವುದು ಅಪರೂಪ. ಉತ್ತರ ಭಾರತದ ಕಾಡುಲಾವಂಚ ಹಾಗಲ್ಲ, ಧಾರಾಳವಾಗಿ ಬೀಜ ಬಿಡುತ್ತದೆ. ಎರಡರ ಎಣ್ಣೆಯೂ ಬೇರೆ: ಧ್ರುವೀಕೃತ ಬೆಳಕನ್ನು ಉತ್ತರದ್ದು ಎಡಕ್ಕೂ ದಕ್ಷಿಣದ್ದು ಬಲಕ್ಕೂ ತಿರುಗಿಸುತ್ತದೆ.

ಬೀಜವಿಲ್ಲದ್ದು ಊರು ಬಿಡಬೇಕಾದರೆ ಮನುಷ್ಯರೇ ಬುಡ ಸೀಳಿ ಒಯ್ಯಬೇಕು. ಒಯ್ದರು ಕೂಡ. ಹಲವು ದೇಶಗಳ ಲಾವಂಚದ ಡಿಎನ್‌ಎ ಹೋಲಿಸಿದಾಗ ಬಹುಪಾಲು ಒಂದೇ ತಳಿಯ ತುಂಡುಗಳೆಂದು ಗೊತ್ತಾಯಿತು. ಅದನ್ನು ‘ಸನ್‌ಶೈನ್’ ಎನ್ನುತ್ತಾರೆ.

ಬೇರಿನ ಬಗೆ ಇನ್ನೂ ಸೊಗಸು. ಅಕ್ಕಪಕ್ಕ ಚಾಚದೆ ನೆಟ್ಟಗೆ ಕೆಳಗಿಳಿದು, ಒಳ್ಳೆಯ ಮಣ್ಣಿನಲ್ಲಿ 3 ಮೀಟರ್ ದಾಟುತ್ತದೆ. ಸಾಲಾಗಿ ನೆಟ್ಟರೆ ಹರಿಯುವ ನೀರು ಪೊದೆಗೆ ತಡೆದು ನಿಧಾನಿಸುತ್ತದೆ, ಮೆಕ್ಕಲು ಅಲ್ಲೇ ಕೂರುತ್ತದೆ. ಮಣ್ಣು ಬುಡವನ್ನು ಮುಚ್ಚಿದರೆ ಗೆಣ್ಣಿನಿಂದ ಹೊಸ ಬೇರು; ಬದು ಏರಿದಂತೆ ಹುಲ್ಲೂ ಏರುತ್ತದೆ. ಗುಂಡ್ಲುಪೇಟೆ ಕಡೆಯ ರೈತರು ಜಮೀನಿನ ಗಡಿಗೆ ಇದನ್ನು ತಲೆಮಾರುಗಳಿಂದ ನೆಟ್ಟವರು. 1950ರ ದಶಕದಲ್ಲಿ ಫಿಜಿಯ ಕಬ್ಬಿನ ಇಳಿಜಾರುಗಳಲ್ಲಿ ಇದನ್ನು ಬೇಲಿಯಾಗಿ ಬಳಸಿದ್ದ ಜಾನ್ ಗ್ರೀನ್‌ಫೀಲ್ಡ್, 1980ರ ದಶಕದಲ್ಲಿ ವಿಶ್ವಬ್ಯಾಂಕಿನ ರಿಚರ್ಡ್ ಗ್ರಿಮ್‌ಶಾ ಜೊತೆ ಭಾರತದಲ್ಲೂ ಅದನ್ನೇ ಪ್ರಚಾರ ಮಾಡಿದರು.

ತೊಡಕಿರುವುದು ಪರಿಮಳದಲ್ಲಿ. ಎಣ್ಣೆಯೆಲ್ಲ ಬೇರಿನಲ್ಲೇ ಇರುವುದರಿಂದ ಬೇರು ಬೇಕೆಂದರೆ ಗಿಡವನ್ನು ಅಗೆದೇ ತೀರಬೇಕು. ಇಳಿಜಾರಿನಲ್ಲಿ ಅಗೆದರೆ ಮಣ್ಣು ಹಿಡಿದಿದ್ದ ಹುಲ್ಲೇ ಮಣ್ಣು ಕಳೆಯುವ ದಾರಿಯಾಗುತ್ತದೆ. ಎಣ್ಣೆಗೆ ಹೆಸರಾದ ಹೈಟಿಯ ಗುಡ್ಡಗಳಲ್ಲಿ ಆಗಿರುವುದು ಅದೇ. ಬೇರಿನ ಬೆಳೆಗೆ ಕರಾವಳಿಯ ಸಮತಟ್ಟು ಮರಳು ನೆಲವೇ ಸರಿ. ಸಡಿಲ ಮಣ್ಣು, ಬೇರು ತುಂಡಾಗದೆ ಬರುತ್ತದೆ. ಬದುವಿನ ಲಾವಂಚಕ್ಕೆ ಗುದ್ದಲಿ ತಾಗಿಸದೆ, ಆಗಾಗ ಮೇಲಿನ ಎಲೆಯನ್ನಷ್ಟೇ ಕುಯ್ದುಕೊಂಡರೆ ಸಾಕು. ಎಳೆಯ ಎಲೆಯನ್ನು ದನ ತಿನ್ನುತ್ತದೆ, ಬಲಿತದ್ದು ಹೊದಿಕೆಗೆ ಆಗುತ್ತದೆ.