ಸೂಲಗಿತ್ತಿಯ ದಿನಚರಿ

ಇಪ್ಪತ್ತೈದು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಪಾಠ ನನಗೆ ಕಂಠಪಾಠ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ನೀರಿಗೆ ಎಸೆದರು, 1776ರಲ್ಲಿ ಸ್ವಾತಂತ್ರ್ಯ ಘೋಷಣೆಯಾಯಿತು, 1787ರಲ್ಲಿ ಸಂವಿಧಾನ ಬರೆದರು, 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಮೊದಲ ಅಧ್ಯಕ್ಷರಾದರು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮಿಸ್, ಆವಾಗ ಅಲ್ಲಿ ಹೆಂಗಸ್ರು ಇರ್ಲಿಲ್ವಾ?” ಎಂದಳು. ಇಡೀ ತರಗತಿ ನಕ್ಕಿತು. “ಇದ್ರು, ಕೂತ್ಕೋ. ಅದು ಪರೀಕ್ಷೆಗೆ ಬರಲ್ಲ” ಎಂದುಬಿಟ್ಟೆ. ಅವಳು ಕೂತಳು. ನನಗೆ ಮಾತ್ರ ಆ ಪ್ರಶ್ನೆ ಎಷ್ಟೋ ದಿನ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಪರೀಕ್ಷೆಗೆ ಬರುವುದಿಲ್ಲ ಎನ್ನುವುದು ನಿಜ. ಉತ್ತರ ನನಗೂ ಗೊತ್ತಿರಲಿಲ್ಲ ಎನ್ನುವುದು ಅದಕ್ಕಿಂತ ದೊಡ್ಡ ನಿಜ.

ಆ ಉತ್ತರ ಸಿಕ್ಕಿದ್ದು ತಂಗಿಯ ಮಗಳು ತಂದುಕೊಟ್ಟ ಒಂದು ಇಂಗ್ಲಿಷ್ ಪುಸ್ತಕದಲ್ಲಿ. ಹೆಸರು ‘ಎ ಮಿಡ್‌ವೈಫ್ಸ್ ಟೇಲ್’, ಬರೆದವರು ಲಾರೆಲ್ ಥ್ಯಾಚರ್ ಉಲ್ರಿಚ್ ಎಂಬ ಇತಿಹಾಸಕಾರ್ತಿ. 1990ರಲ್ಲಿ ಅಚ್ಚಾಗಿ, ಮರುವರ್ಷ ಪುಲಿಟ್ಜರ್ ಬಹುಮಾನ ಪಡೆದ ಪುಸ್ತಕ. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಬೇಸಿಗೆ ರಜೆಯ ಮಧ್ಯಾಹ್ನಗಳಲ್ಲಿ, ಹಪ್ಪಳ ಒಣಗುವುದನ್ನು ಕಾಯುತ್ತಾ ಓದಿದೆ.

ಪುಸ್ತಕದ ನಾಯಕಿ ಮಾರ್ಥಾ ಬಲಾರ್ಡ್. ಹುಟ್ಟಿದ್ದು 1735ರಲ್ಲಿ, ಮ್ಯಾಸಚೂಸೆಟ್ಸಿನ ಆಕ್ಸ್‌ಫರ್ಡ್ ಎಂಬ ಊರಿನಲ್ಲಿ. ಗಂಡ ಎಫ್ರೇಮ್ ಮರ ಕೊಯ್ಯುವ ಗಿರಣಿ ನಡೆಸುತ್ತಿದ್ದ, ಭೂಮಿ ಸರ್ವೆ ಮಾಡುತ್ತಿದ್ದ. ಒಂಬತ್ತು ಮಕ್ಕಳನ್ನು ಹೆತ್ತಳು. 1769ರ ಬೇಸಿಗೆಯಲ್ಲಿ ಗಂಟಲುಮಾರಿ ಬಂದು, ಹದಿನೈದಿಪ್ಪತ್ತು ದಿನಗಳೊಳಗೆ ಮೂರು ಮಕ್ಕಳನ್ನು ಕೊಂಡೊಯ್ದಿತು. ಮುಂದೆ 1777ರಲ್ಲಿ ಈ ಕುಟುಂಬ ಕೆನೆಬೆಕ್ ನದಿಯ ದಡದ ಹ್ಯಾಲೊವೆಲ್ ಎಂಬ ಗಡಿಯೂರಿಗೆ ಬಂತು. ಇಂದು ಅದು ಮೇನ್ ರಾಜ್ಯದಲ್ಲಿದೆ. ಆಗ ಮೇನ್ ಪ್ರತ್ಯೇಕ ರಾಜ್ಯವಾಗಿರಲಿಲ್ಲ, 1820ರವರೆಗೂ ಮ್ಯಾಸಚೂಸೆಟ್ಸಿನ ಭಾಗವೇ ಆಗಿತ್ತು. ಅಲ್ಲಿ ಮಾರ್ಥಾ ಸೂಲಗಿತ್ತಿಯಾದಳು.

1785ರ ಜನವರಿ 1ರಿಂದ 1812ರ ಮೇ ತಿಂಗಳವರೆಗೆ, ಇಪ್ಪತ್ತೇಳು ವರ್ಷ, ಆಕೆ ದಿನಚರಿ ಬರೆದಳು. ಇಂದು ಮೋಡ, ಇಂದು ಮಂಜು, ಯಾರು ಬಂದರು, ಯಾರ ಮನೆಗೆ ಹೋದೆ, ಎಷ್ಟು ನೂಲು ತೆಗೆದರು, ಯಾವ ಗಿಡ ನೆಟ್ಟೆ, ಯಾರಿಗೆ ಗಂಡು, ಯಾರಿಗೆ ಹೆಣ್ಣು, ಹಣ ಕೊಟ್ಟರೋ ಇಲ್ಲವೋ. ಇಷ್ಟೇ. ಆ ಪುಟಗಳಲ್ಲಿ 816 ಹೆರಿಗೆಗಳ ಲೆಕ್ಕವಿದೆ. ನದಿ ಹೆಪ್ಪುಗಟ್ಟಿದಾಗ ಹಿಮದ ಮೇಲೆ ನಡೆದು, ಕರಗಿದಾಗ ದೋಣಿ ಹತ್ತಿ, ನಡುರಾತ್ರಿ ಕುದುರೆಯೇರಿ ಆಕೆ ಹೋಗುತ್ತಿದ್ದಳು. 1789ರ ಏಪ್ರಿಲ್‌ನ ಒಂದು ದಿನ ಬಿರುಗಾಳಿ ಮಳೆಯಲ್ಲಿ ಹೆರಿಗೆಗೆ ಹೊರಟಾಗ ಕಣ್ಣೆದುರೇ ದೊಡ್ಡ ಮರವೊಂದು ಬುಡಸಮೇತ ಉರುಳಿತು. ಕುದುರೆ ಬೆಚ್ಚಿ ಹಿಂದಕ್ಕೆ ಜಿಗಿದದ್ದರಿಂದ ಜೀವ ಉಳಿಯಿತು. ಆಗ ಆಕೆಗೆ ಐವತ್ತನಾಲ್ಕು. ಅದೇ ತಿಂಗಳ ಕೊನೆಯಲ್ಲಿ ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಪ್ರಮಾಣವಚನ ಸ್ವೀಕರಿಸಿದರು. ಅದು ನಮ್ಮ ಪಠ್ಯಪುಸ್ತಕದಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಆ ಊರಿನ ಇತಿಹಾಸ ಬರೆದ ಮಹನೀಯರ ಕೈಗೂ ಈ ದಿನಚರಿ ಸಿಕ್ಕಿತ್ತು. ಕೆಲವು ಸಾಲು ಆರಿಸಿಕೊಂಡು, ಉಳಿದದ್ದರಲ್ಲಿ ಸಾರ್ವಜನಿಕರಿಗೆ ಆಸಕ್ತಿಯಾಗುವಂಥದ್ದು ಹೆಚ್ಚಿಲ್ಲ ಎಂದು ಬದಿಗಿಟ್ಟರು. ಉಲ್ರಿಚ್ ಮಾಡಿದ್ದು ಇದರ ತದ್ವಿರುದ್ಧ. ಬೇಸರ ಬರಿಸುವ ಆ ದಿನದಿನದ ಸಾಲುಗಳೇ ಇದರ ಜೀವ ಎಂದರು. ಪ್ರತಿ ಅಧ್ಯಾಯದ ಮೊದಲು ದಿನಚರಿಯ ಕೆಲವು ಪುಟಗಳನ್ನು ಇದ್ದ ಹಾಗೇ, ಕಾಗುಣಿತದ ತಪ್ಪುಗಳ ಸಹಿತ, ಕೊಟ್ಟಿದ್ದಾರೆ. ಆಮೇಲೆ ನ್ಯಾಯಾಲಯದ ಕಡತ, ತೆರಿಗೆ ಪಟ್ಟಿ, ಊರಿನ ಗಂಡಸರ ಬರಹಗಳನ್ನೆಲ್ಲ ಪಕ್ಕದಲ್ಲಿಟ್ಟು ಬಿಡಿಸುತ್ತಾ ಹೋಗುತ್ತಾರೆ. ಮೊದಲು ಓದಿದಾಗ ಒಗಟಿನಂತಿದ್ದ ಸಾಲು, ಅಧ್ಯಾಯ ಮುಗಿಸಿ ತಿರುಗಿ ಓದಿದಾಗ ಮಾತಾಡುತ್ತದೆ. ಲೇಖಕಿಯ ಮೇಲೆ ನನಗೆ ಗೌರವ ಮೂಡಿದ್ದು ಇಲ್ಲಿ. ಸೂಲಗಿತ್ತಿಯನ್ನು ದೇವತೆ ಮಾಡುವುದಿಲ್ಲ, ಅಳಿಸುವುದಕ್ಕೂ ಹೋಗುವುದಿಲ್ಲ.

ಎರಡು ಪ್ರಸಂಗ ಹೇಳುತ್ತೇನೆ. ಮದುವೆಯಾಗದ ಹುಡುಗಿ ಹೆರುವಾಗ, ನೋವು ಜೋರಾದ ಹೊತ್ತಿನಲ್ಲಿ ಮಗುವಿನ ತಂದೆ ಯಾರೆಂದು ಸೂಲಗಿತ್ತಿ ಕೇಳಬೇಕಿತ್ತು. ಅಂಥ ಹೊತ್ತಿನಲ್ಲಿ ಹೆಣ್ಣು ಸುಳ್ಳಾಡುವುದಿಲ್ಲ ಎಂಬ ನಂಬಿಕೆ ಕಾನೂನಿನದು. 1791ರಲ್ಲಿ ಸ್ಯಾಲಿ ಪಿಯರ್ಸ್ ಎಂಬಾಕೆಯ ಹೆರಿಗೆಗೆ ಹೋದ ಮಾರ್ಥಾ ಇದನ್ನೇ ಕೇಳಿದಳು. ಬಂದ ಹೆಸರು ಆಕೆಯ ಸ್ವಂತ ಮಗ ಜೊನಾಥನ್‌ನದು! ಮಾರ್ಥಾ ಅದನ್ನು ಮುಚ್ಚಿಡಲಿಲ್ಲ, ಬರೆದಿಟ್ಟಳು. ನಾಲ್ಕು ತಿಂಗಳಲ್ಲಿ ಸ್ಯಾಲಿ ಸೊಸೆಯಾಗಿ ಮನೆಗೆ ಬಂದಳು. ಗಂಡುಮಕ್ಕಳ ತಾಯಂದಿರು ನಾವು ಎದೆ ಮುಟ್ಟಿಕೊಂಡು ಹೇಳೋಣ, ನಾವಾಗಿದ್ದರೆ ಆ ಹೆಸರನ್ನು ಬರೆಯುತ್ತಿದ್ದೆವೇ?

ಇನ್ನೊಂದು ಕಹಿಯಾದದ್ದು. ಊರಿನ ಪಾದ್ರಿಯ ಹೆಂಡತಿ ರೆಬೆಕ್ಕಾ ಫಾಸ್ಟರ್, ಗಂಡ ಊರಲ್ಲಿಲ್ಲದಾಗ ತನ್ನ ಮೇಲೆ ಬಲಾತ್ಕಾರವಾಯಿತೆಂದು 1789ರಲ್ಲಿ ದೂರಿದಳು. ಆಪಾದಿತರಲ್ಲಿ ಮುಖ್ಯನಾದವನು ಜೋಸೆಫ್ ನಾರ್ತ್, ಊರಿನ ನ್ಯಾಯಾಧೀಶ. ಆಕೆ ಇದನ್ನು ಮೊದಲೇ ಮಾರ್ಥಾಳ ಬಳಿ ತೋಡಿಕೊಂಡಿದ್ದಳು. ಆಗ ಮಾರ್ಥಾ ಹೇಳಿದ್ದೇನು ಗೊತ್ತೇ? ಯಾರಿಗೂ ಹೇಳಬೇಡ, ಹೇಳಿದರೆ ಕೆಡುವುದು ನಿನ್ನ ಬಾಳೇ ಎಂದು. ಆದರೆ ವಿಚಾರಣೆ ನಡೆದಾಗ ಕೇಳಿದ್ದನ್ನು ಕೇಳಿದ ಹಾಗೆ ಸಾಕ್ಷಿ ಹೇಳಿದಳು. ನಾರ್ತ್ ಖುಲಾಸೆಯಾದ. ಆ ಬುದ್ಧಿಮಾತು ಓದಿ ನಾನು ಪುಸ್ತಕ ಮಗುಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಆ ಮಾತನ್ನು ನಾನೂ ಹೇಳಿದ್ದೇನೆ, ಒಬ್ಬ ವಿದ್ಯಾರ್ಥಿನಿಗೆ. ಆದರೆ ಸಾಕ್ಷಿ ಹೇಳುವ ದಿನ ನನಗೆ ಬರಲಿಲ್ಲ, ಬಾರದಿರಲಿ ಎಂದೇ ನಾನು ಬಯಸಿದ್ದೆ.

ಇನ್ನು ನನ್ನ ತಕರಾರು. ಕೋಷ್ಟಕಗಳು, ಹೆಸರುಗಳ ಜಾಲ ಕೆಲವೆಡೆ ಓದುವವರನ್ನು ದಣಿಸುತ್ತವೆ, ಯಾರ ಮಗಳು ಯಾರ ಸೊಸೆ ಎಂದು ನಾನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕಾಯಿತು. ಇದು ಚಿಕ್ಕದು. ದೊಡ್ಡದು ಬೇರೆ. ಕೆನೆಬೆಕ್ ದಡ ಅಬೆನಕಿ ಜನರ ನೆಲ. ಎಫ್ರೇಮ್ ಸರಪಳಿ ಹಿಡಿದು ಅಳೆದದ್ದು ಅವರ ಕಾಡನ್ನು. ಆ ಕಾಡಿಗಾಗಿ ದೊಡ್ಡ ಜಮೀನುದಾರರಿಗೂ ಬಡ ಬಿಳಿಯ ರೈತರಿಗೂ ನಡೆದ ಜಗಳವನ್ನು ಉಲ್ರಿಚ್ ಚೆನ್ನಾಗಿ ಬಿಡಿಸಿದ್ದಾರೆ. ಆದರೆ ಅದಕ್ಕೂ ಮೊದಲು ನೆಲ ಕಳೆದುಕೊಂಡವರು, ಅವರ ಬಾಣಂತಿಯರು, ಅವರ ಸೂಲಗಿತ್ತಿಯರು ಈ ಪುಸ್ತಕದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ದಿನಚರಿಯಲ್ಲಿ ಇಲ್ಲದ್ದನ್ನು ಎಲ್ಲಿಂದ ತರಲಿ ಎಂದು ಲೇಖಕಿ ಹೇಳಬಹುದು. ಆದರೆ ಎರಡೇ ಸಾಲಿನ ಟಿಪ್ಪಣಿಯಿಂದ ಒಂದು ಅಧ್ಯಾಯವನ್ನೇ ಎಬ್ಬಿಸಬಲ್ಲ ಕೈ, ದಿನಚರಿಯ ಮೌನವನ್ನೂ ಸ್ವಲ್ಪ ತಟ್ಟಿ ನೋಡಬೇಕಿತ್ತು. ಬರೆದಿಟ್ಟ ಹೆಂಗಸು ಉಳಿದಳು, ಬರೆಯದವರು ಎರಡನೆಯ ಸಲ ಕಳೆದುಹೋದರು.

ಮಾರ್ಥಾ ತೀರಿಕೊಂಡದ್ದು 1812ರಲ್ಲಿ. ಅದಕ್ಕೆ ಕೆಲವೇ ವಾರ ಮೊದಲು ಕೂಡ ಹೆರಿಗೆ ಮಾಡಿಸಿದ್ದಳು. ಪತ್ರಿಕೆಯಲ್ಲಿ ಒಂದು ಸಾಲಿನ ಸುದ್ದಿ ಬಂತು, ಇಂಥವರ ಹೆಂಡತಿ, ವಯಸ್ಸು 77 ಎಂದು. ಸೂಲಗಿತ್ತಿ ಎಂಬ ಮಾತೇ ಇಲ್ಲ. ದಿನಚರಿ ಮಾತ್ರ ವಂಶದ ಕೈಯಿಂದ ಕೈಗೆ ಬಂದು, ಮರಿಮಗಳ ಮಗಳಾದ ಮೇರಿ ಹೋಬರ್ಟ್ ಎಂಬ ವೈದ್ಯೆಗೆ ತಲುಪಿತು. ಆಕೆ 1930ರಲ್ಲಿ ಅದನ್ನು ಮೇನ್ ರಾಜ್ಯ ಗ್ರಂಥಾಲಯಕ್ಕೆ ಕೊಟ್ಟಳು.

ಇಲ್ಲಿಗೆ ಬಂದಾಗ ನನಗೆ ನಮ್ಮಮ್ಮನ ನೆನಪಾಯಿತು. ಅಮ್ಮ ಓದಿದ್ದು ನಾಲ್ಕನೆಯ ತರಗತಿ. ಉದ್ದದ ಲೆಕ್ಕದ ಪುಸ್ತಕದಲ್ಲಿ ಹಾಲಿನವನ ಬಾಕಿ, ಹಪ್ಪಳದ ಅಳತೆ, ಯಾರ ಮನೆಯಲ್ಲಿ ಮಗು, ಯಾರಿಗೆ ಎಷ್ಟು ಸಾಲ ಎಂದು ಬರೆದಿಡುತ್ತಿದ್ದಳು. ಅಂಥವು ಹನ್ನೊಂದು ಪುಸ್ತಕಗಳಿದ್ದವು. ಅಮ್ಮ ಹೋದ ಮೇಲೆ ಮನೆ ಖಾಲಿ ಮಾಡುವಾಗ ನಾನೇ ತಿರುವಿ ನೋಡಿ, ಇದರಲ್ಲಿ ಏನಿದೆ ಎಂದು ರದ್ದಿಯವನಿಗೆ ಹಾಕಿದೆ. ಹ್ಯಾಲೊವೆಲ್ಲಿನ ಆ ಇತಿಹಾಸಕಾರರನ್ನು ಬೈಯುವ ಹಕ್ಕು ನನಗೆಲ್ಲಿದೆ? ಅವರು ಬದಿಗಾದರೂ ಇಟ್ಟರು. ನಾನು ಇತಿಹಾಸದ ಟೀಚರು, ತೂಕಕ್ಕೆ ಹಾಕಿದೆ.

ಈಗ ಆ ಪಾಠಕ್ಕೆ ಬಂದಾಗ 1789 ಎಂದು ಬೋರ್ಡಿನ ಮೇಲೆ ಬರೆದು, ವಾಷಿಂಗ್ಟನ್ ಜೊತೆಗೆ ಮರ ಉರುಳಿದ ಆ ದಾರಿಯ ಕಥೆಯನ್ನೂ ಹೇಳುತ್ತೇನೆ. ಐದು ನಿಮಿಷ ಸಾಕು. ಪರೀಕ್ಷೆಗೆ ಅದು ಇನ್ನೂ ಬಂದಿಲ್ಲ. ಪಾಠ ಮುಗಿದ ಮೇಲೆ ಒಂದು ಮನೆಗೆಲಸ ಕೊಡುತ್ತೇನೆ, ನಿಮ್ಮ ಅಜ್ಜಿ ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಏನೇನು ಮಾಡಿದರು, ಕೇಳಿ ಬರೆದು ತನ್ನಿ ಎಂದು. ಆ ಹಾಳೆಗಳಿಗೆ ನಾನು ಅಂಕ ಹಾಕುವುದಿಲ್ಲ. ಬೀರುವಿನಲ್ಲಿ ಜೋಡಿಸಿಟ್ಟಿದ್ದೇನೆ.